ಚಿಕಿತ್ಸೆಗೆ ಮುನ್ನ ಸಿಸ್ಟ್ ಕಂಡರೆ

ಸಹೋದರಿಯರೇ, ಮಗುವಿಗಾಗಿ ಚಿಕಿತ್ಸೆ ಪಡೆಯಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ದಾವಣಗೆರೆಗೋ ಹುಬ್ಬಳ್ಳಿಗೋ ಹೋಗುವುದುಂಟು. ಅಷ್ಟು ದೂರ ಹೋದ ಮೇಲೆ, ಮುಟ್ಟಿನ 2-3ನೇ ದಿನದ ಸ್ಕ್ಯಾನಿಂಗ್ ನೋಡಿ "ಅಂಡಾಶಯದಲ್ಲಿ ಸಿಸ್ಟ್ ಇದೆ, ಈ ತಿಂಗಳು ಬೇಡ" ಎಂದರೆ ಕೈಕಾಲು ಸೋತಂತಾಗುತ್ತದೆ. ಆದರೆ ಅಂಜಬೇಡಿ.

ಸಿಸ್ಟ್ ಎಂದರೆ ನೀರು ತುಂಬಿದ ಗುಳ್ಳೆ. ಹಿಂದಿನ ತಿಂಗಳ ಅಂಡಾಣುವಿನ ಕೋಶ ಒಡೆಯದೆ ಉಳಿದಾಗ ಹೀಗಾಗುವುದುಂಟು. ಅದು ಹಾರ್ಮೋನು ಸ್ರವಿಸುತ್ತಿದ್ದರೆ ಚಿಕಿತ್ಸೆಯ ಇಂಜೆಕ್ಷನ್ ಸರಿಯಾಗಿ ಫಲ ಕೊಡದಿರಬಹುದು. ಅದಕ್ಕೇ ವೈದ್ಯರು ಕಾಯಿರಿ ಎನ್ನುತ್ತಾರೆ. ಇಂಥವು ಸಾಮಾನ್ಯವಾಗಿ 2-3 ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಹಳೆಯ ರಕ್ತ ತುಂಬಿದ 'ಚಾಕೊಲೇಟ್ ಸಿಸ್ಟ್' ಹಾಗಲ್ಲ. ಅದನ್ನು ತೆಗೆಯುವಾಗ ಅಂಡಾಣುಗಳೂ ಕಡಿಮೆಯಾಗಬಹುದು. ಆದ್ದರಿಂದ ಆಪರೇಷನ್‌ಗೆ ಒಪ್ಪುವ ಮೊದಲು ಯಾವ ಸಿಸ್ಟ್, ಎಷ್ಟು ದೊಡ್ಡದು, ತೆಗೆಯಲೇಬೇಕೇ ಎಂದು ಕೇಳಿ.

ಮರು ಸ್ಕ್ಯಾನಿಂಗನ್ನು ಊರಿನ ಹತ್ತಿರವೇ ಮಾಡಿಸಿ ರಿಪೋರ್ಟ್ ಕಳಿಸಬಹುದೇ ಎಂದೂ ವಿಚಾರಿಸಿ, ಓಡಾಟ ಉಳಿಯುತ್ತದೆ. ವೈದ್ಯರು ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಬಿಡಬೇಡಿ. ಕಿಬ್ಬೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ, ತಲೆಸುತ್ತು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಅಂಡಾಶಯ ತಿರುಚಿಕೊಂಡಿರಬಹುದು.

ಮನೆಯ ಹಿರಿಯರೇ, ತಡವಾಯಿತೆಂದು ಸೊಸೆಯನ್ನು ದೂರಬೇಡಿ. ಕಾಯಿಲೆಗೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಅದರ ಜೊತೆಗೆ ಸಹನೆಯೂ ದುಆವೂ ಇರಲಿ.