ಬಿಸಿನೀರಿನ ಅಪಸ್ಮಾರ: ನರವಿಜ್ಞಾನಕ್ಕೊಂದು ಪಾಠ

ಮಾನವನ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇಷ್ಟು ಜಟಿಲವಾದ ಅಂಗಕ್ಕೆ ರೋಗ ತಗಲಿದಾಗ, ಒಂದೇ ಶಾಸ್ತ್ರವನ್ನು ಓದಿದವರಿಂದ ಅದರ ಮೂಲವನ್ನು ಅರಿಯಲಾಗದು. ಆದಕಾರಣವೇ ತರುಣ ಸಂಶೋಧಕರಿಗೆ ಹಲವು ಶಾಸ್ತ್ರಗಳನ್ನು ಒಂದೆಡೆ ಪರಿಚಯಿಸುವ ಬೇಸಿಗೆ ಶಾಲೆಗಳು ಹುಟ್ಟಿಕೊಂಡವು. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಇಂತಹ ನರವಿಜ್ಞಾನದ ಶಿಕ್ಷಣವು 1970ರಲ್ಲಿ ಆರಂಭವಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಜ್ಞಾಪಕಶಕ್ತಿಯನ್ನು ಗಣಕಯಂತ್ರದ ನೆರವಿನಿಂದ ಅಭ್ಯಸಿಸುವ ಅಲ್ಪಾವಧಿಯ ಶಾಲೆಗಳು ನಡೆದಿವೆ.

ಮಿದುಳಿನ ರೋಗಗಳನ್ನು ಅಭ್ಯಸಿಸುವ ಶಾಲೆಯೊಂದಕ್ಕೆ ಪಾಠವನ್ನು ಆರಿಸಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬಚ್ಚಲುಮನೆಯಲ್ಲಿಯೇ ಅದು ದೊರೆಯುತ್ತದೆ. ಅದೇ ಬಿಸಿನೀರಿನ ಅಪಸ್ಮಾರ, ಎಂದರೆ ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆರೋಗ. ವೈದ್ಯಗ್ರಂಥಗಳಲ್ಲಿ ಇದು ಮೊದಲು ದಾಖಲಾದುದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಇದು ಬಹಳವಾಗಿ ಕಂಡುಬಂದುದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ. ನೀರಿನ ಉಷ್ಣಮಾನವು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ, ಇಂದು ನಗರದಲ್ಲಿ ಸೇರಿಹೋಗಿರುವ ಊರುಗಳಲ್ಲಿ ಹಂಡೆಯ ಸ್ಥಾನಕ್ಕೆ ಗೀಸರ್ ಬಂದಿದೆ. ಸುಡುನೀರನ್ನು ಒಂದೇ ಸಮನೆ ತಲೆಗೆ ಹಾಕಿಕೊಳ್ಳುವ ರೂಢಿ ಮಾತ್ರ ಹೋಗಿಲ್ಲ.

ಈ ರೋಗದ ಅಭ್ಯಾಸವು ಹೇಗೆ ಮುಂದುವರಿಯಿತೆಂಬುದನ್ನು ನೋಡೋಣ. ಮೊದಲ ಹೆಜ್ಜೆ ವೈದ್ಯರದು. ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1972ರಲ್ಲಿ 60 ರೋಗಿಗಳ ವಿವರವನ್ನು ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳನ್ನು ಕುರಿತು ಬರೆದರು. ಎರಡನೆಯ ಹೆಜ್ಜೆ ಪ್ರಯೋಗಶಾಲೆಯದು. ಇಲಿಗಳ ತಲೆಗೆ ಬಿಸಿನೀರು ಸುರಿದಾಗಲೂ ಸೆಳವು ಬರುವುದೆಂದು ಅದೇ ಸಂಸ್ಥೆಯ ಸಂಶೋಧಕರು 1996ರಲ್ಲಿ ವರದಿ ಮಾಡಿದರು. ಮನುಷ್ಯನಲ್ಲಿ ಪರೀಕ್ಷಿಸಲಾಗದ ಪ್ರಶ್ನೆಗಳಿಗೆ ಇದರಿಂದ ದಾರಿಯಾಯಿತು. ಮೂರನೆಯ ಹೆಜ್ಜೆ ತಳಿವಿಜ್ಞಾನದ್ದು. ಈ ರೋಗವು ಕೆಲವು ಕುಟುಂಬಗಳಲ್ಲಿ ಹಲವರಿಗೆ ಬರುವುದುಂಟು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅನುರಂಜನ್ ಆನಂದ್ ಮತ್ತು ನಿಮ್ಹಾನ್ಸಿನ ವೈದ್ಯರು 2017ರಲ್ಲಿ ಕೆಲವು ರೋಗಿಗಳ ಒಂದು ವಂಶವಾಹಿಯಲ್ಲಿ ವಿರಳವಾದ ವ್ಯತ್ಯಾಸಗಳನ್ನು ತೋರಿಸಿದರು.

ಆ ವಂಶವಾಹಿಯ ಕೆಲಸವೇನು? ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು, ಅದರ ಕಾರ್ಯ ಮುಗಿದೊಡನೆ ಕೋಶದೊಳಕ್ಕೆ ಹಿಂದೆಗೆದುಕೊಳ್ಳುವ ಪ್ರೋಟೀನನ್ನು ಅದು ನಿರ್ಮಿಸುತ್ತದೆ. ಹಿಂದೆಗೆದುಕೊಳ್ಳುವಿಕೆ ಕುಂಠಿತವಾದರೆ ಉದ್ರೇಕವು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ರೋಗದ ಎಲ್ಲ ಕಾರಣವೂ ಇದರಲ್ಲಿಯೇ ಅಡಗಿದೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ಇದು ಒಂದು ಎಳೆ ಮಾತ್ರ.

ಈ ಜ್ಞಾನವು ಗ್ರಂಥಾಲಯದಲ್ಲಿಯೇ ಉಳಿದರೆ ಪ್ರಯೋಜನವಿಲ್ಲ. ಬಚ್ಚಲಿನಲ್ಲಿ ಬಿದ್ದ ಹುಡುಗನಿಗೆ ಗಾಳಿ ಸೋಕಿತೆಂದು ಮಂತ್ರ ಹಾಕಿಸುವವರು ಇನ್ನೂ ಇದ್ದಾರೆ. ಅಷ್ಟರಲ್ಲಿ ಆತನು ಸುಟ್ಟುಕೊಳ್ಳಬಹುದು, ತಲೆಗೆ ಪೆಟ್ಟಾಗಬಹುದು. ಕೈಗೆ ಕಬ್ಬಿಣ ಕೊಡುವುದರಿಂದ ಸೆಳವು ನಿಲ್ಲುವುದಿಲ್ಲ. ನೀರು ಸುರಿಯುವುದನ್ನು ನಿಲ್ಲಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದಿರುವುದೇ ಸರಿಯಾದ ಉಪಚಾರ. ಸೆಳವು ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಮುಂದೆ ಉಗುರುಬೆಚ್ಚಗಿನ ನೀರನ್ನು ಬಳಸುವುದರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಉಳಿದವರಿಗೆ ವೈದ್ಯರು ಔಷಧ ಕೊಡುತ್ತಾರೆ. ಕೆಲವರಿಗೆ ಕಾಲಕ್ರಮದಲ್ಲಿ ಸ್ನಾನವಿಲ್ಲದೆಯೂ ಸೆಳವು ಬರುವುದರಿಂದ ವೈದ್ಯರನ್ನು ಕಾಣುವುದನ್ನು ಮುಂದೂಡಬಾರದು.

ಒಂದು ಚೊಂಬು ನೀರಿನಿಂದ ಹೊರಟ ಪ್ರಶ್ನೆ ಇಲಿಯ ಪ್ರಯೋಗವನ್ನು ದಾಟಿ ವಂಶವಾಹಿಯವರೆಗೆ ಬಂದಿದೆ. ನಮ್ಮ ಕಾಲೇಜುಗಳ ಇಂದಿನ ವಿದ್ಯಾರ್ಥಿಗಳು ಮುಂದೆ ಅಂತಹ ಶಾಲೆಗಳಲ್ಲಿ ಕುಳಿತಾಗ, ಉಳಿದ ಎಳೆಗಳನ್ನು ಹುಡುಕುವ ಕಾರ್ಯವು ಅವರದಾಗುತ್ತದೆ.