ದೋಷಶೋಧನೆಯ ಶಿಸ್ತು: ಹಳೆಯ ವೈಜ್ಞಾನಿಕ ದೂರದರ್ಶನ ಧಾರಾವಾಹಿಗಳನ್ನು ಕುರಿತು ಒಂದು ವಿವೇಚನೆ

ಉತ್ತರಪತ್ರಿಕೆಯನ್ನು ತಿದ್ದುವ ಉಪಾಧ್ಯಾಯನಿಗೆ ತಪ್ಪನ್ನು ಕಾಣುವುದು ಕಷ್ಟವಲ್ಲ. ಆ ತಪ್ಪು ಹೇಗೆ ಹುಟ್ಟಿತೆಂಬುದನ್ನು ಅರಿಯುವುದು ಕಷ್ಟ. ವಿದ್ಯಾರ್ಥಿಯು ಅವಸರದಲ್ಲಿ ಕೈತಪ್ಪಿದನೋ, ಪಾಠವನ್ನೇ ಅನ್ಯಥಾ ಗ್ರಹಿಸಿದನೋ, ಪಕ್ಕದವನ ಹಾಳೆಯನ್ನು ನೋಡಿ ಬರೆದನೋ ಎಂಬುದನ್ನು ಬಲ್ಲವನು ತಪ್ಪಿನ ಸ್ವರೂಪದಿಂದಲೇ ಊಹಿಸಬಲ್ಲನು. ತಾಳೆಗರಿಯ ಪ್ರತಿಗಳನ್ನು ಪರಿಶೋಧಿಸುವ ಗ್ರಂಥಸಂಪಾದಕನ ಮಾರ್ಗವೂ ಇದೇ. ಲಿಪಿಕಾರನ ಸ್ಖಾಲಿತ್ಯವು ಅವನಿಗೆ ನಗೆಯ ವಸ್ತುವಲ್ಲ. ಪ್ರತಿಯ ಇತಿಹಾಸವನ್ನು ತಿಳಿಸುವ ಸಾಕ್ಷ್ಯ.

ಈ ವಿವೇಕವನ್ನು ಅಭ್ಯಾಸ ಮಾಡಲು ಅನಿರೀಕ್ಷಿತವಾದೊಂದು ಕ್ಷೇತ್ರವಿದೆ. ಅದು ೧೯೬೦ರ ದಶಕದಲ್ಲಿ ಆರಂಭವಾದ ವೈಜ್ಞಾನಿಕ ಕಥೆಗಳ ದೂರದರ್ಶನ ಧಾರಾವಾಹಿ. ಬ್ರಿಟನ್ನಿನ ಬಿ.ಬಿ.ಸಿ.ಯು ‘ಡಾಕ್ಟರ್ ಹೂ’ ಎಂಬುದನ್ನು ೧೯೬೩ರ ನವೆಂಬರ್ ೨೩ರಂದು ಪ್ರಾರಂಭಿಸಿತು. ಅದರಲ್ಲಿ ಡಾಕ್ಟರನೊಡನೆ ಕಾಲಯಾತ್ರೆಗೆ ಹೊರಡುವ ಮೊದಲ ಇಬ್ಬರು ಭೂಲೋಕದವರು ಶಾಲಾ ಉಪಾಧ್ಯಾಯರೇ ಆಗಿದ್ದರು: ಒಬ್ಬರು ವಿಜ್ಞಾನದವರು, ಮತ್ತೊಬ್ಬರು ಇತಿಹಾಸದವರು. ಅಮೆರಿಕದ ಎನ್.ಬಿ.ಸಿ.ಯು ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ೧೯೬೬ರ ಸೆಪ್ಟೆಂಬರ್ ೮ರಿಂದ ೧೯೬೯ರ ಜೂನ್‌ವರೆಗೆ ೭೯ ಕಂತುಗಳಲ್ಲಿ ಪ್ರಸಾರ ಮಾಡಿತು. ಇವುಗಳನ್ನು ಮತ್ತೆಮತ್ತೆ ನೋಡಿದ ಪ್ರೇಕ್ಷಕರು ಅಸಂಗತಿಗಳನ್ನು ಹೆಕ್ಕಿ ಪಟ್ಟಿಮಾಡುವುದನ್ನೇ ಒಂದು ವಿದ್ಯೆಯಾಗಿಸಿದರು. ಫಿಲ್ ಫರಾಂಡ್ ಎಂಬ ಲೇಖಕನು ಮೊದಲ ‘ಸ್ಟಾರ್ ಟ್ರೆಕ್’ನ ಲೋಪಗಳಿಗಾಗಿಯೇ ೧೯೯೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು.

ಈ ಲೋಪಗಳನ್ನು ಹುಟ್ಟಿನ ದೃಷ್ಟಿಯಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಚಿತ್ರೀಕರಣ ಕಾಲದ ಕೈತಪ್ಪು. ‘ಡಾಕ್ಟರ್ ಹೂ’ವಿನ ಮೊದಲ ಕಂತನ್ನು ಪ್ರಾಯೋಗಿಕವಾಗಿ ಮುದ್ರಿಸಿದಾಗ ಯಂತ್ರದ ಬಾಗಿಲುಗಳು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಇಡೀ ಕಂತನ್ನು ಮತ್ತೆ ಮುದ್ರಿಸಲು ಆದೇಶಿಸಿದನು. ಆದರೆ ಅಂಥ ಎರಡನೆಯ ಅವಕಾಶ ಅಪರೂಪ. ವಿಡಿಯೊ ಟೇಪನ್ನು ಕತ್ತರಿಸಿ ಜೋಡಿಸುವುದು ಆಗ ದುಬಾರಿಯಾದ ಕೆಲಸವಾಗಿದ್ದುದರಿಂದ ಪ್ರತಿವಾರದ ಕಂತನ್ನೂ ಸಾಧ್ಯವಾದಷ್ಟು ನಿಲ್ಲಿಸದೆ, ರಂಗನಾಟಕದಂತೆ ಮುದ್ರಿಸಲಾಗುತ್ತಿತ್ತು. ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಮಾತು ತಡವರಿಸಿದರೂ ದೃಶ್ಯ ಮುಂದುವರಿಯುತ್ತಿತ್ತು. ೧೯೬೫ರ ‘ದಿ ವೆಬ್ ಪ್ಲಾನೆಟ್’ ಕಥೆಯಲ್ಲಿ ದೈತ್ಯ ಇರುವೆಯ ವೇಷ ತೊಟ್ಟ ನಟನೊಬ್ಬನು ಓಡಿಬಂದು ಕ್ಯಾಮೆರಾಕ್ಕೇ ಡಿಕ್ಕಿ ಹೊಡೆಯುವುದು ಇಂದಿಗೂ ಕಾಣುತ್ತದೆ. ಅದನ್ನು ನೋಡಿ ನಗುವವನು ಆ ಭಾರದ ವೇಷದೊಳಗಿಂದ ನಟನಿಗೆ ಎಷ್ಟು ಕಾಣುತ್ತಿದ್ದಿತೆಂದು ಒಮ್ಮೆ ಯೋಚಿಸಬೇಕು.

ಎರಡನೆಯದು ಮಿತವ್ಯಯದಿಂದ ಬಂದ ವ್ಯತ್ಯಾಸ. ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ನೌಕೆಯ ಸುಮಾರು ೧೧ ಅಡಿ ಉದ್ದದ ಮಾದರಿಯನ್ನು ಪ್ರಾಯೋಗಿಕ ಕಂತುಗಳ ಅನಂತರ ಮಾರ್ಪಡಿಸಲಾಯಿತು. ಮೊದಲು ಎಂಜಿನ್ ಕೊಳವೆಗಳ ತುದಿಯಲ್ಲಿ ಮೊನಚಾದ ಮುಳ್ಳುಗಳಿದ್ದವು. ಅನಂತರ ಅಲ್ಲಿ ತಿರುಗುವ ಬೆಳಕಿನ ಗುಮ್ಮಟಗಳು ಬಂದವು. ಹಳೆಯ ಚಿತ್ರಿಕೆಗಳನ್ನು ಎಸೆಯದೆ ಮತ್ತೆ ಬಳಸಿಕೊಂಡುದರಿಂದ ಒಂದೇ ಕಂತಿನಲ್ಲಿ ನೌಕೆಯು ಕ್ಷಣಕ್ಕೊಂದು ರೂಪ ತಾಳುತ್ತದೆ. ೧೯೬೭ರ ‘ದಿ ಡೂಮ್ಸ್‌ಡೇ ಮೆಷಿನ್’ ಕಂತಿನಲ್ಲಿ ಹಾನಿಗೊಂಡ ಇನ್ನೊಂದು ನೌಕೆ ಬೇಕಾದಾಗ ಅಂಗಡಿಯಲ್ಲಿ ಮಾರುವ ಆಟಿಕೆಯ ಮಾದರಿಯನ್ನೇ ಸುಟ್ಟು ಬಳಸಿಕೊಂಡರು. ಎಂಟರ್‌ಪ್ರೈಸ್‌ನ ೧೭೦೧ ಎಂಬ ಅಂಕೆಗಳನ್ನೇ ಸ್ಥಾನಪಲ್ಲಟ ಮಾಡಿ ಅದಕ್ಕೆ ೧೦೧೭ ಎಂಬ ಸಂಖ್ಯೆಯನ್ನು ಕೊಟ್ಟರು. ಇದನ್ನು ದೋಷವೆನ್ನುವುದಕ್ಕಿಂತ ಬಡತನದ ಜಾಣ್ಮೆ ಎನ್ನುವುದೇ ಯುಕ್ತ.

ಮೂರನೆಯದು ಕ್ರಮಭಂಗ. ಸೆಪ್ಟೆಂಬರ್ ೮ರಂದು ಮೆಕಾಯ್ ಎಂಬ ವೈದ್ಯನನ್ನು ಕಂಡ ಪ್ರೇಕ್ಷಕನು ಅದೇ ತಿಂಗಳ ೨೨ರಂದು ಪೈಪರ್ ಎಂಬ ಬೇರೊಬ್ಬ ವೈದ್ಯನನ್ನು ಕಂಡನು, ಸಮವಸ್ತ್ರಗಳೂ ಬೇರೆಯಾಗಿದ್ದವು. ಹಿಂದಿನ ವರ್ಷವೇ ಸಿದ್ಧವಾಗಿದ್ದ ಎರಡನೆಯ ಪ್ರಾಯೋಗಿಕ ಕಂತನ್ನು ಮೂರನೆಯ ವಾರ ಪ್ರಸಾರ ಮಾಡಿದುದೇ ಇದಕ್ಕೆ ಕಾರಣ. ಅದೇ ಕಂತಿನ ಸಮಾಧಿಶಿಲೆಯ ಮೇಲೆ ನಾಯಕನ ಹೆಸರು ‘ಜೇಮ್ಸ್ ಆರ್. ಕರ್ಕ್’ ಎಂದಿದೆ, ಮುಂದೆ ಅದು ‘ಜೇಮ್ಸ್ ಟಿ. ಕರ್ಕ್’ ಎಂದು ಸ್ಥಿರವಾಯಿತು. ತಯಾರಿಕೆಯ ಕ್ರಮವನ್ನು ತಿಳಿದವನಿಗೆ ಇಲ್ಲಿ ರಹಸ್ಯವೇನೂ ಇಲ್ಲ.

ನಾಲ್ಕನೆಯದು ಸ್ಮೃತಿಲೋಪ. ೧೯೮೨ರ ‘ದಿ ರಾತ್ ಆಫ್ ಖಾನ್’ ಚಲನಚಿತ್ರದಲ್ಲಿ ಖಾನ್ ಎಂಬ ಖಳನು ಚೆಕಾವ್‌ನನ್ನು ಗುರುತಿಸುತ್ತಾನೆ. ಆದರೆ ಖಾನ್ ಬಂದುಹೋದ ಕಂತು ೧೯೬೭ರ ಫೆಬ್ರವರಿಯದು. ಚೆಕಾವ್ ಪ್ರೇಕ್ಷಕರ ಮುಂದೆ ಬಂದುದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ‘ಡಾಕ್ಟರ್ ಹೂ’ವಿನಲ್ಲಿ ಅಟ್ಲಾಂಟಿಸ್ ನಗರದ ವಿನಾಶಕ್ಕೆ ೧೯೬೭, ೧೯೭೧ ಮತ್ತು ೧೯೭೨ರ ಕಥೆಗಳು ಮೂರು ಬೇರೆಬೇರೆ ಕಾರಣಗಳನ್ನು ಹೇಳುತ್ತವೆ. ಬ್ರಿಗೇಡಿಯರನ ವಿಷಯ ಇನ್ನೂ ಜಟಿಲ. ೧೯೭೫ರ ಕಥೆಯೊಂದರಲ್ಲಿ ಅವನ ಸಮಕಾಲೀನಳಾದ ಸಾರಾ ತಾನು ೧೯೮೦ರವಳೆನ್ನುತ್ತಾಳೆ. ೧೯೮೩ರ ಕಥೆಯ ಪ್ರಕಾರ ಆತ ೧೯೭೬ರಲ್ಲಿಯೇ ನಿವೃತ್ತನಾಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾನೆ! ಆ ಪಾತ್ರದ ಸ್ಥಾನದಲ್ಲಿ ಮೊದಲು ಯೋಜಿಸಿದ್ದುದು ಆದ್ಯ ಯಾತ್ರಿಕನಾದ ವಿಜ್ಞಾನದ ಉಪಾಧ್ಯಾಯನನ್ನೇ ಎಂಬುದನ್ನು ನೆನೆದರೆ ಶಾಲೆ ಅಲ್ಲಿಗೆ ಬಂದ ಬಗೆ ತಿಳಿಯುತ್ತದೆ.

ಇನ್ನು ಶೋಧಕನು ಪಾಲಿಸಬೇಕಾದ ನಿಯಮಗಳನ್ನು ಗಮನಿಸಬೇಕು. ಮೊದಲು, ತನ್ನ ನೆನಪನ್ನು ನಂಬದೆ ಮೂಲವನ್ನೇ ನೋಡಬೇಕು. ‘ಬೀಮ್ ಮಿ ಅಪ್, ಸ್ಕಾಟಿ’ ಎಂಬ ಮಾತು ‘ಸ್ಟಾರ್ ಟ್ರೆಕ್’ನದೆಂದು ಜಗತ್ತೆಲ್ಲ ನಂಬಿದೆ, ಆದರೆ ೭೯ ಕಂತುಗಳಲ್ಲಿ ಎಲ್ಲಿಯೂ ಆ ಮಾತು ಅದೇ ರೂಪದಲ್ಲಿ ಬಂದಿಲ್ಲ. ಪರರ ಮರೆವನ್ನು ಎತ್ತಿತೋರುವವನ ಸ್ಮರಣೆಯೂ ತಪ್ಪಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಎರಡನೆಯದಾಗಿ, ಕಥೆಯೊಳಗಿನ ಸಮಾಧಾನವನ್ನೂ ಹೊರಗಿನ ಕಾರಣವನ್ನೂ ಬೆರೆಸಬಾರದು. ೧೯೬೭ರಲ್ಲಿ ನುಣುಪು ಹಣೆಯುಳ್ಳವರಾಗಿದ್ದ ಕ್ಲಿಂಗಾನರಿಗೆ ೧೯೭೯ರ ಚಲನಚಿತ್ರದಲ್ಲಿ ಹಣೆಯ ಮೇಲೆ ಏಣುಗಳು ಮೂಡಿದವು. ಪ್ರಸಾಧನಕ್ಕೆ ಹೆಚ್ಚು ಹಣ ದೊರೆತುದು ಹೊರಗಿನ ಕಾರಣ. ೨೦೦೫ರ ಕಂತುಗಳೆರಡರಲ್ಲಿ ಇದಕ್ಕೊಂದು ರೋಗದ ಕಥೆ ಹೆಣೆದುದು ಒಳಗಿನ ಸಮಾಧಾನ. ಎರಡನ್ನೂ ತಿಳಿಯಬೇಕು, ಒಂದನ್ನು ಮತ್ತೊಂದೆಂದು ಭ್ರಮಿಸಬಾರದು. ಮೂರನೆಯದಾಗಿ, ನೋಡುತ್ತಿರುವ ಪ್ರತಿ ಯಾವುದೆಂದು ನಿರ್ದೇಶಿಸಬೇಕು. ೨೦೦೬ರಿಂದ ‘ಸ್ಟಾರ್ ಟ್ರೆಕ್’ನ ಬಾಹ್ಯಾಕಾಶ ದೃಶ್ಯಗಳಿಗೆ ಬದಲಾಗಿ ಕಂಪ್ಯೂಟರ್ ಚಿತ್ರಗಳನ್ನು ಸೇರಿಸಿದ ಆವೃತ್ತಿ ಬಂದಿತು. ಅದನ್ನು ಮಾತ್ರ ನೋಡಿದವನಿಗೆ ಮುಳ್ಳು ಗುಮ್ಮಟಗಳ ವೃತ್ತಾಂತವೇ ಕಾಣದು.

ತಿದ್ದುವುದರಲ್ಲಿಯೂ ಒಂದು ನಷ್ಟವಿದೆಯೆಂಬುದು ಇಲ್ಲಿ ವೇದ್ಯವಾಗುತ್ತದೆ. ದೋಷ ಅಳಿದಾಗ ಶ್ರಮದ ಗುರುತೂ ಅಳಿಯುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಕೃತಿಯೇ ಅಳಿಯುವುದು. ಬಿ.ಬಿ.ಸಿ.ಯು ಹಳೆಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದುದರಿಂದ ‘ಡಾಕ್ಟರ್ ಹೂ’ವಿನ ಮೊದಲ ಆರು ವರ್ಷಗಳ ಹಲವು ಕಂತುಗಳ ಚಿತ್ರ ಕಳೆದುಹೋಯಿತು. ಆದರೂ ಅವುಗಳ ಧ್ವನಿ ಉಳಿದಿದೆ. ಅದನ್ನು ಉಳಿಸಿದವರು ಮನೆಯಲ್ಲಿ ದೂರದರ್ಶನದ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಸಾಮಾನ್ಯ ಪ್ರೇಕ್ಷಕರು. ಒಂದೊಂದು ತಡವರಿಕೆಯನ್ನೂ ಎಣಿಸುವಷ್ಟು ಗಮನ ಕೊಡುವ ಪ್ರೀತಿಯೇ ಕೃತಿಯನ್ನು ಉಳಿಸಿಕೊಳ್ಳುವ ಪ್ರೀತಿಯೂ ಆಗಿದ್ದಿತು.

ಎಂಟರ್‌ಪ್ರೈಸ್‌ನ ಆ ಮಾದರಿ ೧೯೭೪ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. ಅದರ ಎಡಪಾರ್ಶ್ವ ಅಪೂರ್ಣ. ದೀಪಗಳ ತಂತಿಗಳನ್ನು ಆ ಕಡೆಯಿಂದ ಎಳೆದು ಬಲಪಾರ್ಶ್ವವನ್ನು ಮಾತ್ರ ಚಿತ್ರಿಸುತ್ತಿದ್ದರು. ಸಂಗ್ರಹಾಲಯದಲ್ಲಿ ಎರಡೂ ಕಡೆ ನಡೆದು ನೋಡುವವನಿಗೆ ಬಲಗಡೆ ಕಥೆ ಕಂಡರೆ ಎಡಗಡೆ ದುಡಿಮೆ ಕಾಣುತ್ತದೆ. ತಿದ್ದುವ ಕೆಂಪು ಶಾಯಿಯನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬನೂ ಉತ್ತರಪತ್ರಿಕೆಯ ಆ ಎಡಪಾರ್ಶ್ವವನ್ನೊಮ್ಮೆ ನೋಡಿ ಅಂಕ ಕೊಡುವುದು ಒಳಿತು.