ಊಟವಾದ ಮೇಲೆ ಗಡಿಯಾರ ನೋಡು

ಪುಟ್ಟೀ, ನೀನು ಪಿ.ಜಿ. ಸೇರಿದಾಗಿನಿಂದ ಫೋನಿನಲ್ಲಿ ಅಲರ್ಜಿಯ ಮಾತೇ ಜಾಸ್ತಿಯಾಗಿದೆ. ಹಾಲು ಅಲರ್ಜಿ, ಬದನೆಕಾಯಿ ಅಲರ್ಜಿ, ಈಗ ಚಪಾತಿಯೂ ಅಲರ್ಜಿಯಂತೆ! ಆಸ್ಪತ್ರೆಯ ವಾರ್ಡಿನಲ್ಲೇ ಕೂದಲು ನೆರೆಸಿಕೊಂಡ ದೊಡ್ಡಮ್ಮ ಹೇಳುತ್ತಿದ್ದೇನೆ, ಸ್ವಲ್ಪ ಕೇಳು.

ತಿಂದದ್ದು ಮೈಗೆ ಆಗಲಿಲ್ಲ ಅನ್ನಿಸಿದರೆ ಮೊದಲು ಗಡಿಯಾರ ನೋಡು, ಆಮೇಲೆ ಎಷ್ಟು ತಿಂದೆ ಅಂತ ನೆನಪಿಸಿಕೋ. ಅಲರ್ಜಿಯಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ. ಮೈಮೇಲೆ ಪಿತ್ತದ ಗಂಧೆ ಏಳುತ್ತದೆ, ತುಟಿ, ಕಣ್ಣಿನ ರೆಪ್ಪೆ ಊದುತ್ತವೆ. ಅಲರ್ಜಿ ಇದ್ದವರಿಗೆ ಹೀಗಾಗಲು ಚಿಟಿಕೆ ಕಡಲೆಕಾಯಿ ಪುಡಿಯೂ ಸಾಕಾಗಬಹುದು.

ನಿನ್ನ ಹಾಲಿನ ಕಥೆ ಬೇರೆ. ಅರ್ಧ ಲೋಟ ಕಾಫಿಗೆ ಏನೂ ಆಗುವುದಿಲ್ಲ, ದೊಡ್ಡ ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ ಅಂದೆಯಲ್ಲ? ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಕರುಳಿನಲ್ಲಿ ಕಡಿಮೆಯಿದ್ದರೆ ಹೀಗಾಗುತ್ತದೆ. ಮೊಸರಿನಲ್ಲಿ ಆ ಸಕ್ಕರೆಯ ಒಂದಷ್ಟನ್ನು ಬ್ಯಾಕ್ಟೀರಿಯಾಗಳೇ ತಿಂದಿರುತ್ತವೆ, ತುಪ್ಪದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಗಾಗಿ ಮಜ್ಜಿಗೆ ಅನ್ನ ಬಿಡಬೇಡ. ಹಾಲಿನ ಪ್ರೋಟೀನೇ ಆಗದವರಿಗೆ ಮಾತ್ರ ಮೊಸರೂ ಬೇಡ, ಪೇಡವೂ ಬೇಡ.

ಅಲರ್ಜಿಯ ವೇಷ ಹಾಕಿ ಬರುವವೂ ಇವೆ. ಕೆಸುವಿನ ಎಲೆಗೆ ಹುಳಿ ಸಾಲದೆ ಪತ್ರೊಡೆ ತಿಂದು ಗಂಟಲು ಕೆರೆದರೆ ಅದು ಎಲೆಯೊಳಗಿನ ಆಕ್ಸಲೇಟ್ ಹರಳುಗಳ ಚುಚ್ಚಾಟ. ಐಸ್ ಸಾಲದೆ ಕೆಟ್ಟ ಬಂಗುಡೆ ತಿಂದವರ ಮುಖ ಕೆಂಪೇರಿ ತಲೆ ಸಿಡಿಯುವುದು ಮೀನಿನಲ್ಲಿ ಸೇರಿಕೊಂಡ ಹಿಸ್ಟಮಿನ್‌ನಿಂದ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.

ಚಪಾತಿಯ ವಿಷಯಕ್ಕೆ ಬರೋಣ. ಸೀಲಿಯಾಕ್ ಅನ್ನುವ ಕಾಯಿಲೆಯಲ್ಲಿ ಗೋಧಿಯ ಗ್ಲುಟೆನ್‌ನಿಂದ ಕರುಳಿನ ಒಳಪದರವೇ ಹಾಳಾಗುತ್ತದೆ. ಆ ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು, ಮೊದಲೇ ಬಿಟ್ಟರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು. ಅದೇ ಅಂತ ಖಚಿತವಾದವರು ಚಿರೋಟಿ ರವೆಯಷ್ಟೇ ಅಲ್ಲ, ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಬೇಕು. ಹಲವು ಪುಡಿ ಇಂಗುಗಳಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ರಾಗಿ, ಜೋಳಕ್ಕೆ ಆ ತಂಟೆಯಿಲ್ಲ.

ಇಷ್ಟು ಮಾತ್ರ ಮರೆಯಬೇಡ. ತಿಂದ ಸ್ವಲ್ಪ ಹೊತ್ತಿನಲ್ಲೇ ದನಿ ಕಟ್ಟಿದರೆ, ಗಂಟಲು ಬಿಗಿದರೆ, ಉಬ್ಬಸ ಬಂದರೆ, ಕಣ್ಣು ಕತ್ತಲಿಟ್ಟರೆ ಅದು ಅನಾಫಿಲಾಕ್ಸಿಸ್ ಎಂಬ ಜೀವಕ್ಕೇ ಅಪಾಯದ ಅಲರ್ಜಿ ಆಗಿರಬಹುದು, ಗಂಧೆ ಏಳದಿದ್ದರೂ ಸರಿ. ತಕ್ಷಣ 108ಕ್ಕೆ ಫೋನ್ ಮಾಡಿಸು. ಎದ್ದು ಓಡಾಡದೆ ಮಲಗಿರು. ಉಸಿರು ಕಟ್ಟಿದರೆ ಒರಗಿ ಕೂತುಕೋ. ಸೆಟ್ರಿಜಿನ್ ತುರಿಕೆ ತಗ್ಗಿಸೀತು, ಜೀವ ಉಳಿಸುವುದಿಲ್ಲ. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಬೀಳಬೇಕು. ಸುಧಾರಿಸಿತೆಂದು ಕೂಡಲೇ ರೂಮಿಗೆ ಹೊರಡಬೇಡ. ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು.

ಒಂದೇ ಹನಿ ರಕ್ತದಲ್ಲಿ ನೂರಾರು ಆಹಾರ ಪರೀಕ್ಷಿಸುತ್ತೇವೆ ಅನ್ನುವ ಜಾಹೀರಾತು ಕಳಿಸಿದ್ದೆಯಲ್ಲ. ಐಜಿಜಿ ಪರೀಕ್ಷೆ ಅದು. ನೀನು ಏನೇನು ತಿಂದಿದ್ದೀಯ ಅಂತ ಹೇಳೀತು, ಯಾವುದು ಆಗುವುದಿಲ್ಲ ಅಂತ ಹೇಳದು. ದುಡ್ಡು ದಂಡ. ಅದರ ಬದಲು ತಿಂದದ್ದು, ಹೊತ್ತು, ಆದ ತೊಂದರೆ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸು. ಒಮ್ಮೆ ತುಟಿ ಊದಿಸಿದ ಪದಾರ್ಥವನ್ನು ಮಾತ್ರ ‘ಸ್ವಲ್ಪ ತಿಂದು ನೋಡೋಣ’ ಅಂತ ರೂಮಿನಲ್ಲಿ ಪರೀಕ್ಷೆ ಮಾಡಬೇಡ. ಅದನ್ನು ಆಸ್ಪತ್ರೆಯಲ್ಲಿ ಡಾಕ್ಟರ ಎದುರಿಗೇ ಮಾಡಬೇಕು.